ಖಾಲಿ ಡಬ್ಬಿಗಳ ಉಸ್ತುವಾರಿ

ರಾಜ್ಯಗಳ ಏಳುಬೀಳೆಲ್ಲ ಕಡೆಗೆ ಉಗ್ರಾಣದ ಮೇಲೆ ನಿಂತಿದೆ. ಉಗ್ರಾಣವನ್ನು ಕಟ್ಟುನಿಟ್ಟಾಗಿ ಇಟ್ಟುಕೊಂಡ ಅರಸ ಉಳಿದ. ಅದನ್ನು ನೆಂಟರ ಕೈಗೆ ಬಿಟ್ಟವನು ಅಳಿದ. ಈ ಮಹಾಸತ್ಯ ನನಗೆ ಯಾವ ಗ್ರಂಥದಲ್ಲೂ ಸಿಕ್ಕಿದ್ದಲ್ಲ. ಡಚ್ಚರ ಊರಾದ ಜೂಟರ್‌ಮೀರ್‌ನ ಒಂದು ಮನೆಯ ಅಟ್ಟದಲ್ಲಿ, ಎರಡು ಟೀವಿ ಡಬ್ಬಿಗಳ ನಡುವೆ ಸೊಂಟದವರೆಗೆ ಸಿಕ್ಕಿಕೊಂಡು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ನಿಂತಿದ್ದಾಗ ಹೊಳೆದದ್ದು. ಡಬ್ಬಿಗಳು ಎರಡೂ ಖಾಲಿಯಾಗಿದ್ದವು.

ಇಸವಿ ಎರಡು ಸಾವಿರಕ್ಕೆ ಮಗುಚಿಕೊಂಡಾಗ ಕಂಪ್ಯೂಟರುಗಳಿಗೆ ಬುದ್ಧಿಭ್ರಮಣೆ ಆಗುತ್ತದೆಂದು ಲೋಕವೆಲ್ಲ ಹೆದರಿಕೊಂಡಿದ್ದ ಕಾಲ ಅದು. ಆ ಹೆದರಿಕೆಯ ಪುಣ್ಯದಿಂದ ನಮ್ಮ ಕಂಪನಿಯ ಹುಡುಗರು ನೆದರ್‌ಲ್ಯಾಂಡ್ಸ್‌ಗೆ ಬಂದು, ದಿನಾ ರೈಲು ಹಿಡಿದು ಕೆಲವರು ಯುಟ್ರೆಕ್ಟ್‌ಗೆ, ಕೆಲವರು ಕಾಪೆಲ್ಲೆಗೆ ಹೋಗಿಬರುತ್ತಿದ್ದರು. ಅವರಿಗೆ ಮನೆ ನೋಡುವುದು, ಅಕ್ಕಿಬೇಳೆ ತರಿಸುವುದು, ನಲ್ಲಿ ಸೋರಿದರೆ ಜನ ಕರೆಸುವುದು ನನ್ನ ಕೆಲಸ. ಅದಕ್ಕೂ ಮುಂಚೆ ನಾನು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸ್ಟೋರ್ಸ್ ಆಫೀಸರ್. ಅಷ್ಟು ಹೇಳಿದರೆ ಸಾಕು. ಉಳಿದದ್ದನ್ನು ಓದುಗರು ಊಹಿಸಿಕೊಳ್ಳಬಲ್ಲರು.

ಮನೆ ಸಾಲುಮನೆಗಳ ಪೈಕಿ ಕೊನೆಯದು. ಕೆಳಗೆ ಬಾಗಿಲೇ ಇಲ್ಲದ ಹಾಲು, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಹಿತ್ತಲ ಕಡೆಗೆ ಕಿಟಕಿಯಿರುವ ಒಂದು ಕೋಣೆ. ಮೇಲೆ ಎರಡು ಮಲಗುವ ಕೋಣೆಗಳಲ್ಲಿ ನಾಲ್ವರು ಇಂಜಿನಿಯರುಗಳು. ಅದರ ಮೇಲೆ ಇಳಿಜಾರು ಮಾಡಿನ ಅಟ್ಟ. ಹಿತ್ತಲ ತುದಿಯಲ್ಲಿ ಸೈಕಲ್ ಇಡುವ ಮರದ ಶೆಡ್. ಕೆಳಗಿನ ಕೋಣೆಯಲ್ಲಿ ನಾನೂ ಮನೆಯ ಉಗ್ರಾಣವೂ ಒಟ್ಟಿಗೆ ಸಂಸಾರ ಮಾಡುತ್ತಿದ್ದೆವು. ಅಕ್ಕಿ, ಬೇಳೆ, ಎಣ್ಣೆ, ಸೋಪು, ಬಲ್ಬು, ಎಲ್ಲ ಅಲ್ಲಿ. ಬೀಗದ ಕೈ ನನ್ನ ಜನಿವಾರದಲ್ಲಿ. ಯಾರಿಗೆ ಏನು ಬೇಕಾದರೂ ಬಂದು ಕೇಳಬೇಕು, ನಾನು ಅಳೆದು ಕೊಡುತ್ತೇನೆ. ಹುಡುಗರು ಬೆನ್ನ ಹಿಂದೆ ನನ್ನನ್ನು 'ರೇಷನ್ ಅಂಗಡಿ' ಎನ್ನುತ್ತಿದ್ದರೆಂದು ಬಲ್ಲೆ. ಅದನ್ನು ನಾನು ಬೈಗುಳವೆಂದು ತಿಳಿದಿರಲಿಲ್ಲ.

ಆ ನಾಲ್ವರಲ್ಲಿ ಒಬ್ಬ ಹುಬ್ಬಳ್ಳಿಯವನು. ಹೆಂಡತಿ ಮತ್ತು ಮೂರು ವರ್ಷದ ಮಗಳು ಊರಿನಲ್ಲಿ. ಅವರನ್ನು ಕರೆಸಿಕೊಳ್ಳಲು ಅವನು ಹಾಕಿದ್ದ ಅರ್ಜಿ ಒಂದೇ ಒಂದು ಕಾಗದಕ್ಕಾಗಿ ನಿಂತುಬಿಟ್ಟಿತ್ತು: ಈ ಮನೆಯಲ್ಲಿ ಒಂದು ಸಂಸಾರಕ್ಕೆ ತಕ್ಕ ಜಾಗವಿದೆ ಎಂದು ಮನೆಯೊಡತಿ ಸಹಿ ಮಾಡಿ ಕೊಡಬೇಕು. ಬೇರೆ ಮನೆಗೆ ಹುಡುಕಿ ಸಾಕಾಗಿತ್ತು. ಎಲ್ಲ ಕಡೆಯೂ ಸರತಿ ಸಾಲು. ಕಂಪನಿಯ ಮ್ಯಾನೇಜರ್ ಫೋನಿನಲ್ಲಿ ಸಲೀಸಾಗಿ ತೀರ್ಪು ಕೊಟ್ಟರು: "ಅಟ್ಟ ಇದೆಯಲ್ಲ, ಅದನ್ನ ಖಾಲಿ ಮಾಡ್ಸಿ, ಫ್ಯಾಮಿಲಿಗೆ ಕೊಡಿ."

ಮನೆಯೊಡತಿ ಪಕ್ಕದ ಮನೆಯಲ್ಲೇ ಇದ್ದರು. ಎಪ್ಪತ್ತು ಮುಟ್ಟುತ್ತಿದ್ದ, ಬೆನ್ನು ಬಾಗದ ಹೆಂಗಸು. ಇಂಗ್ಲಿಷನ್ನು ಒಂದೊಂದೇ ಪದವಾಗಿ, ಒಂದೂ ದಂಡವಾಗದಂತೆ ಆಡುವರು. ಅಟ್ಟ ಕೋಣೆಯಾದ ಮೇಲೆ ಕರೆಯಿರಿ, ಬಂದು ನೋಡುತ್ತೇನೆ, ನೋಡದೆ ಸಹಿ ಹಾಕುವುದಿಲ್ಲ ಎಂದರು. ಏಪ್ರಿಲ್ ಕೊನೆಗೆ ಫ್ರಾನ್ಸ್‌ನಲ್ಲಿರುವ ಮಗಳ ಮನೆಗೆ ಹೊರಡುತ್ತೇನೆ, ಬೇಸಿಗೆ ಕಳೆದ ಮೇಲೆಯೇ ವಾಪಸು ಎಂದೂ ಸೇರಿಸಿದರು. ಆಗ ಮಾರ್ಚ್ ನಡೆದಿತ್ತು.

ಅಂದಿನಿಂದ ಹುಬ್ಬಳ್ಳಿಯವನು ಸಂಜೆ ರೈಲಿಳಿದು ಬಂದು ಬೂಟು ಬಿಚ್ಚುವ ಮುಂಚೆಯೇ ಕೇಳುತ್ತಿದ್ದ, "ಏನಾತ್ರೀ ಸರ?"

"ಆಗ್ತಾ ಇದೆಯಪ್ಪ."

"ಆಗ್ತದಲ್ರೀ?"

"ಆಗತ್ತೆ."

ಆಮೇಲೆ ಅವನು ಕೂರುತ್ತಿರಲಿಲ್ಲ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ, ಅಲ್ಲಿಂದ ಮತ್ತೆ ಹಾಲಿಗೆ. ಫೋನ್ ಕಾರ್ಡು ಉಜ್ಜಿ ಊರಿಗೆ ಫೋನ್ ಮಾಡಿದರೆ ಎರಡು ನಿಮಿಷಕ್ಕೆ ಮುಗಿದುಬಿಡುತ್ತಿತ್ತು. ಒಂದು ದಿನ ರಿಸೀವರ್ ಇಟ್ಟು ನನ್ನ ಕಡೆ ತಿರುಗಿ, ಹವಾಮಾನ ಹೇಳುವ ಹಾಗೆ ಹೇಳಿದ: "ಮಗಳು ಫೋನಿಗೆ ಬರವಲ್ಲಳ್ರೀ ಸರ. ಯಾರಂತ ಕೇಳಾಕತ್ತಾಳ."

ನಾನು ಅಟ್ಟ ಹತ್ತಿದೆ.

ಸ್ಟೋರ್ಸ್ ಶಾಸ್ತ್ರದ ಮೊದಲ ವಿಧಿ ತಪಾಸಣೆ. ಏನಿದೆ ಎಂದು ತಿಳಿಯದೆ ಎಲ್ಲಿಡಬೇಕು ಎಂದು ಕೇಳುವವನು ಸ್ಟೋರ್ಸಿಗೆ ಲಾಯಕ್ಕಿಲ್ಲ. ಟಾರ್ಚು ಹಿಡಿದು ಒಂದೊಂದಾಗಿ ನೋಡುತ್ತ ಹೋದೆ. ಸೂಟ್‌ಕೇಸುಗಳು, ಹಾಸಿಗೆ ಚಾಪೆಗಳು, ಚಳಿಗಾಲದ ಕೋಟುಗಳು ಇದ್ದವು. ಈ ದೇಶದಲ್ಲಿ ಬೇಡವಾದ ದೊಡ್ಡ ಸಾಮಾನನ್ನು ಗೊತ್ತುಮಾಡಿದ ದಿನ ಮನೆಮುಂದೆ ಇಡುತ್ತಾರೆ, ನಗರಸಭೆಯ ಗಾಡಿ ಬಂದು ಒಯ್ಯುತ್ತದೆ. ಗಾಡಿ ಬರುವ ಮುಂಚೆ ನಮ್ಮ ಹುಡುಗರು ಒಯ್ದಿದ್ದ ಮೂರು ಕಾಲಿನ ಕುರ್ಚಿಗಳು, ಉರಿಯದ ದೀಪಗಳು, ಉಸಿರು ನಿಂತ ವ್ಯಾಕ್ಯೂಮ್ ಕ್ಲೀನರ್‌ಗಳು ಇದ್ದವು. ಇವೆಲ್ಲ ಸೇರಿ ಒಂದು ಮೂಲೆ. ಉಳಿದ ಅಟ್ಟವೆಲ್ಲ ನೆಲದಿಂದ ಮಾಡಿನವರೆಗೆ ಖಾಲಿ ರಟ್ಟಿನ ಡಬ್ಬಿಗಳು.

ಆ ಮನೆಗೆ ಬಂದ ಯಾವ ವಸ್ತುವಿನ ಡಬ್ಬಿಯನ್ನೂ ಯಾರೂ ಎಸೆದಿರಲಿಲ್ಲ. ಟೀವಿ ಡಬ್ಬಿ, ಮಾನಿಟರ್ ಡಬ್ಬಿ, ಮೈಕ್ರೋವೇವ್ ಡಬ್ಬಿ, ಮ್ಯೂಸಿಕ್ ಸಿಸ್ಟಮ್ಮಿನ ಡಬ್ಬಿ, ಇಸ್ತ್ರಿಪೆಟ್ಟಿಗೆಯ ಡಬ್ಬಿ. ಒಳಗೆ ಥರ್ಮೋಕೋಲು, ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ವಯರು ಕಟ್ಟಿದ್ದ ಸಣ್ಣ ತಂತಿ, ಎಲ್ಲವೂ ಅಂಗಡಿಯಿಂದ ಬಂದ ಹಾಗೆ. ನಮ್ಮವರ ಪರ್ಮಿಟ್ಟು ವರ್ಷವರ್ಷಕ್ಕೆ ನವೀಕರಣವಾಗುವಂಥದ್ದು. ಹೀಗಾಗಿ ಪ್ರತಿಯೊಬ್ಬನೂ ಮನಸ್ಸಿನಲ್ಲಿ ಬರುವ ವರ್ಷ ಊರಿಗೆ ಹೊರಟವನೇ. ಹೊರಡುವಾಗ ಡಬ್ಬಿ ಬೇಡವೇ? ಇದಕ್ಕೆ ನನ್ನ ಕುಮ್ಮಕ್ಕೂ ಇತ್ತು. ಕಾರ್ಖಾನೆಯಲ್ಲಿ ಒರಿಜಿನಲ್ ಪ್ಯಾಕಿಂಗ್ ಹರಿದವನಿಗೆ ನಾನು ಮೆಮೋ ಕೊಟ್ಟವನು.

ಆದ್ದರಿಂದ ಒಂದು ಡಬ್ಬಿಯನ್ನೂ ಎಸೆಯದೆ ಅಟ್ಟ ಖಾಲಿ ಮಾಡಬೇಕೆಂಬ ಘನವಾದ ತೀರ್ಮಾನಕ್ಕೆ ಬಂದೆ. ಒಳಗೆ ಏನೂ ಇಲ್ಲದ ವಸ್ತುಗಳಿಗೆ ಜಾಗ ಹುಡುಕುವುದರಲ್ಲಿ ಮೂರು ವಾರ ಕಳೆದೆ.

ಮೊದಲು ಶೆಡ್. ಅದರ ತುಂಬ ಸೈಕಲ್ಲುಗಳು ಒಂದರ ಮೇಲೊಂದು ಒರಗಿ, ಬೇಕಾದ್ದು ಯಾವಾಗಲೂ ಕಟ್ಟಕಡೆಗೆ ಇರುತ್ತಿತ್ತು. ಮುಂದಿನ ಗಾಲಿಯನ್ನು ಕೊಕ್ಕೆಗೆ ಸಿಕ್ಕಿಸಿ ಗೋಡೆಗೆ ನೇತುಹಾಕಿದರೆ ಸೈಕಲ್ಲು ನೆಲದಲ್ಲಿ ಕೊಡೆಯಷ್ಟು ಜಾಗವನ್ನೂ ಕೇಳುವುದಿಲ್ಲ. ಕಾಗದದ ಮೇಲೆ ಹೀಗೆ. ಇಲ್ಲಿಯ ಸೈಕಲ್ಲುಗಳು ಎಮ್ಮೆಯ ಜಾತಿ. ಮೊದಲ ಕೊಕ್ಕೆ ಹಲಗೆಯನ್ನೂ ಕಿತ್ತುಕೊಂಡು ನನ್ನ ಪಾದದ ಮೇಲೆ ಇಳಿಯಿತು. ಆಮೇಲೆ ಗೋಡೆಯನ್ನು ಬೆರಳಿನಿಂದ ತಟ್ಟುತ್ತ ಹೋಗಿ, ಸದ್ದು ಗಟ್ಟಿಯಾದ ಕಡೆ ಒಳಗಿನ ಕಂಬವಿದೆ ಎಂದು ಗುರುತು ಮಾಡಿ, ಕಂಬದಿಂದ ಕಂಬಕ್ಕೆ ದಪ್ಪ ಪಟ್ಟಿ ಹೊಡೆದು, ಪಟ್ಟಿಗೆ ಕೊಕ್ಕೆ ಹಾಕಿದೆ. ಈಗ ಒಂದರ ಹ್ಯಾಂಡಲು ಇನ್ನೊಂದರ ಹೊಟ್ಟೆಗೆ ಚುಚ್ಚತೊಡಗಿತು. ಒಂದನ್ನು ಮುಂದಿನ ಗಾಲಿಯಿಂದ, ಪಕ್ಕದ್ದನ್ನು ಹಿಂದಿನ ಗಾಲಿಯಿಂದ, ಹೀಗೆ ತಲೆಕೆಳಗು ಮಾಡಿ ನೇತುಹಾಕಿದ ಮೇಲೆ ಅವುಗಳಲ್ಲಿ ಶಾಂತಿ ನೆಲೆಸಿತು.

ಮನೆಯೊಡತಿಯ ಕುಂಟೆ, ಸಲಿಕೆ, ಪೊರಕೆಗಳೂ ಅಲ್ಲೇ ಇದ್ದವು. ಮಿಕ್ಕಿದ್ದ ಪಿವಿಸಿ ಪೈಪನ್ನು ಗೇಣುದ್ದಕ್ಕೆ ಕೊಯ್ದು, ಆ ಗೇಣುದ್ದದ ತುಂಡುಗಳನ್ನು ಗೋಡೆಗೆ ನೆಟ್ಟಗೆ ಸ್ಕ್ರೂ ಮಾಡಿ, ಹಿಡಿಗಳನ್ನು ಅದರೊಳಗೆ ಇಳಿಬಿಟ್ಟೆ. ಹೂಕುಂಡಗಳು ಕಿಟಕಿಯ ಕೆಳಗಿನ ಹಲಗೆಗೆ ಹೋದವು. ಏಣಿ ಅಡ್ಡಡ್ಡವಾಗಿ ಸೂರಿನ ಕೆಳಗೆ ಮಲಗಿತು. ಹೀಗೆ ಉಳಿಸಿದ ಜಾಗದಲ್ಲಿ, ಶೆಡ್ಡಿನ ತೊಲೆಗಳ ಮೇಲೆ ಹಲಗೆ ಹಾಸಿ, ಡಬ್ಬಿಗಳನ್ನು ಒಪ್ಪವಾಗಿ ಏರಿಸಿದೆ. ಪ್ರತಿ ಡಬ್ಬಿಗೂ ಒಂದು ಸ್ಥಳಸಂಖ್ಯೆ.

ನಾಲ್ವರಲ್ಲಿ ಬಾಯಿ ಜೋರಿದ್ದ ಮೈಸೂರಿನವನು ಬಂದು ನೋಡಿದ. "ಸಾರ್, ನನ್ನ ಶೂಸ್‌ಗೂ ನಂಬರ್ ಕೊಟ್ಟಿದೀರಾ?"

"ಕೊಟ್ಟಿದೀನಿ. ಬಾಗಿಲ ಹೊರಗೆ."

"ನಂಗೆ?"

"ನೀವು ನಾನ್-ಮೂವಿಂಗ್ ಐಟಮ್ಮು ಕಣಪ್ಪ. ಭಾನುವಾರ ಸೋಫಾ ಮೇಲೆ ಇರೋದೇ ನಿಮ್ಮ ಲೊಕೇಶನ್ನು."

ವಾರ ಕಳೆಯುವಷ್ಟರಲ್ಲಿ ಡಬ್ಬಿಗಳು ಮೆತ್ತಗಾದವು. ಇಲ್ಲಿ ಗಾಳಿಯಲ್ಲೇ ನೀರಿರುತ್ತದೆ, ಶೆಡ್ಡಿಗೆ ಹೀಟರಿಲ್ಲ. ರಟ್ಟು ಹಪ್ಪಳದ ಹಿಟ್ಟಿನಂತೆ ಜಗ್ಗಿ, ಅಂಚಿನಲ್ಲಿ ಬೂಷ್ಟು ಹಿಡಿಯಿತು. ಹುಬ್ಬಳ್ಳಿಯವನು ತನ್ನ ಟೀವಿ ಡಬ್ಬಿಯನ್ನು ಬಗಲಲ್ಲಿ ಎತ್ತಿಕೊಂಡು ಒಳಗೆ ತಂದು, ಹೀಟರಿನ ಪಕ್ಕ ಕೂರಿಸಿ, ಆಗಾಗ ಮುಟ್ಟಿ ನೋಡುತ್ತಿದ್ದ. ಇಡೀ ಮನೆ ಒದ್ದೆ ರಟ್ಟಿನ ವಾಸನೆ ಹೊಡೆಯಿತು.

ಎರಡನೆಯ ಯೋಜನೆ ಹಿತ್ತಲಿನದು. ಶೆಡ್ಡಿಗೂ ಬೇಲಿಗೂ ನಡುವೆ ಕಲ್ಲುಹಾಸಿನ ಮೇಲೆ ಹಲಗೆಯ ಜಗಲಿ ಕಟ್ಟಿ, ಕೆಳಗೆ ಗಾಳಿಯಾಡಲು ಇಟ್ಟಿಗೆ ಕೊಟ್ಟು, ಹೀಟರಿನ ಹತ್ತಿರ ಒಣಗಿಸಿದ ಡಬ್ಬಿಗಳನ್ನು ಪೇರಿಸಿ, ಟಾರ್ಪಾಲು ಹೊದಿಸಿ ಹಗ್ಗ ಬಿಗಿದೆ. ನೋಡಿದವರಿಗೆ ಯಾವುದೋ ಯಂತ್ರ ಬಂದಿಳಿದಿದೆ ಅನ್ನಿಸಬೇಕು. ಎರಡು ದಿನ ನನಗೂ ಹಾಗೇ ಅನ್ನಿಸಿತು. ಮೂರನೆಯ ದಿನ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಹಗ್ಗ ಗಟ್ಟಿಯಾಗಿಯೇ ಇತ್ತು, ಹರಿದದ್ದು ಟಾರ್ಪಾಲು. ನಾನು ಕಿಟಕಿಯಿಂದ ನೋಡುತ್ತಿದ್ದಂತೆ ಮೈಕ್ರೋವೇವ್ ಡಬ್ಬಿ ಎದ್ದು ನಿಂತು, ಒಂದು ಸುತ್ತು ತಿರುಗಿ, ಬೇಲಿ ಹಾರಿ ಮನೆಯೊಡತಿಯ ಅಂಗಳಕ್ಕೆ ಇಳಿಯಿತು. ಹಿಂದೆಯೇ ಉಳಿದವು. ಥರ್ಮೋಕೋಲು ಬೇಲಿಯ ಮುಳ್ಳಿಗೆ ಉಜ್ಜಿ ಪುಡಿಯಾಗಿ, ಅವರ ಗಿಡಗಳ ಮೇಲೆ, ಹುಲ್ಲಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಬಿಳಿಯಾಗಿ ಬಿತ್ತು.

ಭಾನುವಾರ ನಾವು ಐದೂ ಜನ ಅವರ ಅಂಗಳದಲ್ಲಿ ಬಗ್ಗಿಕೊಂಡು ಥರ್ಮೋಕೋಲು ಹೆಕ್ಕಿದೆವು. ಅಕ್ಕಿಯಲ್ಲಿ ಕಲ್ಲು ಆರಿಸಿದ ಅಭ್ಯಾಸವಿದ್ದ ನನಗೆ ಇದು ಹೊಸದಲ್ಲ. ಆದರೆ ಅಕ್ಕಿಯ ಕಲ್ಲು ಉಸಿರು ಬಿಟ್ಟರೆ ಹಾರುವುದಿಲ್ಲ. ಮನೆಯೊಡತಿ ಹೊರಗೆ ಬಂದರು, ಒಂದು ಬುಟ್ಟಿ ಕೊಟ್ಟರು, ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

"ಸಹಿ ಹಾಕ್ತಾರೇನ್ರೀ ಸರ ಇನ್ನ?" ಹುಬ್ಬಳ್ಳಿಯವನು ಗಿಡದೊಳಗಿಂದಲೇ ಕೇಳಿದ.

"ಆರಿಸಪ್ಪ ಮೊದಲು."

ಮಾರ್ಚ್ ಮುಗಿದು ಏಪ್ರಿಲ್ ನಡೆಯುತ್ತಿತ್ತು. ಅಟ್ಟದಲ್ಲಿದ್ದ ಡಬ್ಬಿಗಳು ಶೆಡ್ಡಿಗೆ ಹೋಗಿ, ಹೀಟರಿಗೆ ಬಂದು, ಹಿತ್ತಲಿಗೆ ಹೋಗಿ, ಪಕ್ಕದ ಮನೆಗೆ ಹೋಗಿ, ಈಗ ಹಾಲಿನಲ್ಲಿ ನಿಂತಿದ್ದವು. ಕೂರಲು ಜಾಗವಿರಲಿಲ್ಲ; ಜಾಗವಿದ್ದರೂ ಯಾರೂ ಕೂರುವ ಸ್ಥಿತಿಯಲ್ಲಿರಲಿಲ್ಲ. ನಡೆದಾಡುವವನು ಹುಬ್ಬಳ್ಳಿಯವನೊಬ್ಬನೇ ಅಲ್ಲ, ನಾನೂ ಆಗಿದ್ದೆ. ಹಾದಿ ಕಿರಿದು, ಒಬ್ಬ ಅಡುಗೆಮನೆಯ ಕಡೆಯಿಂದ ಬಂದರೆ ಇನ್ನೊಬ್ಬ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು.

ಸ್ಟೋರ್ಸ್ ಶಾಸ್ತ್ರದಲ್ಲಿ ಕೆಟ್ಟ ಮಾಲನ್ನು ಒಬ್ಬ ಅಧಿಕಾರಿ ಒಬ್ಬನೇ ಎಸೆಯುವ ಹಾಗಿಲ್ಲ. ಸಮಿತಿ ಕೂರಬೇಕು, ಮಾಲು ನೋಡಬೇಕು, ಕಂಡೆಮ್ ಎಂದು ಒಮ್ಮತದಿಂದ ಹೇಳಬೇಕು. ಮರುದಿನ ಸಂಜೆ ಸಮಿತಿಯನ್ನು ಕರೆದೆ. ಕುರ್ಚಿಗಳ ಮೇಲೆ ಡಬ್ಬಿಗಳಿದ್ದ ಕಾರಣ ಸದಸ್ಯರು ನಿಂತೇ ಭಾಗವಹಿಸಿದರು.

"ಸಾರ್, ನನ್ನ ಮಾನಿಟರ್ ಬಾಕ್ಸ್ ಮಾತ್ರ ಮುಟ್ಬೇಡಿ," ಎಂದ ಮೈಸೂರಿನವನು. "ವಾರಂಟಿಗೆ ಬೇಕು."

"ವಾರಂಟಿ ಯಾವಾಗ ಮುಗೀತು?"

"ಮುಗ್ದಿದೆ ಸಾರ್. ಆದ್ರೂ."

ಮಿಕ್ಕ ಇಬ್ಬರೂ ಅದೇ ರಾಗ. ಅಚ್ಚರಿಯೆಂದರೆ ಎಲ್ಲರಿಗಿಂತ ಗಟ್ಟಿಯಾಗಿ ಅಡ್ಡ ನಿಂತವನು ಯಾರ ಸಲುವಾಗಿ ಇಷ್ಟೆಲ್ಲ ನಡೆದಿತ್ತೋ ಆ ಹುಬ್ಬಳ್ಳಿಯವನೇ.

"ಅಲ್ರೀ ಸರ, ಡಬ್ಬಿ ಇಲ್ಲದ ಟೀವಿ ಒಯ್ದ್ರ ನಮ್ಮ ಮಂದಿ ಏನಂತಾರ ಗೊತ್ತೈತೇನ್ರಿ? ಯಾರೋ ವಾಪರಿಸಿ ಬಿಟ್ಟಿದ್ದು ತಂದಾನ ಅಂತಾರ."

"ನೀನೇ ಎರಡು ವರ್ಷ ನೋಡಿರ್ತೀಯಲ್ಲಪ್ಪ ಆ ಟೀವೀನ."

"ನಾ ನೋಡಿದ್ದು ಅವರಿಗೇನ್ ಗೊತ್ತಾಕ್ಕೈತ್ರಿ? ಡಬ್ಬ್ಯಾಗಿಂದ ತಗದ್ರ ಹೊಸಾದು."

"ನಿನ್ನ ಮಗಳು ಬಂದು ಎಲ್ಲಿ ಮಲಗ್ಬೇಕು? ಡಬ್ಬೀಲಾ?"

ಅವನು ಹೀಟರಿನ ಪಕ್ಕದ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ, ಅಡುಗೆಮನೆಗೆ ಹೋಗಿ ಚಾಕು ತಂದ. ಡಬ್ಬಿಯ ತಳದ ಅಂಟುಪಟ್ಟಿಯನ್ನು ಕೊಯ್ದು, ಒಂದು ಮೂಲೆಯ ಬೆಸುಗೆಯನ್ನು ಮೇಲಿನಿಂದ ಕೆಳಗೆ ಬಿಡಿಸಿ, ರಟ್ಟನ್ನು ನೆಲಕ್ಕೆ ಹಾಸಿ ಅಂಗೈಯಿಂದ ಒತ್ತಿದ. ನಾಲ್ಕು ಮಡಿಕೆಯ ಚಾಪೆಯಂತೆ ಆಯಿತು. ಸೊಂಟದವರೆಗೆ ನಿಂತಿದ್ದದ್ದು ಬಾಗಿಲ ಸಂದಿನಲ್ಲಿ ತೂರುವಷ್ಟಾಯಿತು.

"ಹಿಂಗ್ ಇಡೂಣ್ರಿ," ಎಂದ. "ಹೋಗೂಮುಂದ ಟೇಪ್ ಹಚ್ಚಿದ್ರಾತು."

ಸಮಿತಿ ಒಪ್ಪಿತು. ಥರ್ಮೋಕೋಲಿಗೆ ಮಾತ್ರ ಮರಣದಂಡನೆ. ಅದನ್ನು ಚಪ್ಪಟೆ ಮಾಡುವ ವಿದ್ಯೆ ಯಾರಿಗೂ ತಿಳಿಯದು. ಚಪ್ಪಟೆಯಾದ ರಟ್ಟನ್ನು ಅವರವರ ಹಾಸಿಗೆಯ ಕೆಳಗೆ, ಮಂಚದ ಹಲಗೆಯ ಮೇಲೆ ಹಾಸಿಕೊಳ್ಳಬೇಕೆಂದು ನಾನು ವಿಧಿಸಿದೆ. ಅಂದಿನಿಂದ ಎಲ್ಲರೂ ಊರಿಗೆ ಮರಳುವ ಏರ್ಪಾಡಿನ ಮೇಲೆಯೇ ಮಲಗುತ್ತಿದ್ದರು. ಬೆನ್ನಿಗೆ ಒಳ್ಳೆಯದು ಎಂದು ಒಬ್ಬಿಬ್ಬರು ಹೇಳಿದರು.

ಮುಂದಿನದು ನನಗೆ ಸಲ್ಲುವ ಕೆಲಸ. ಸೂಟ್‌ಕೇಸುಗಳನ್ನು ಸಣ್ಣದು ನಡುವಿನದರಲ್ಲಿ, ನಡುವಿನದು ದೊಡ್ಡದರಲ್ಲಿ ಸೇರಿಸಿ, ಎಲ್ಲಕ್ಕಿಂತ ಒಳಗಿನದರ ಹೊಟ್ಟೆಗೆ ಚಳಿಗಾಲದ ಕೋಟು ತುಂಬಿದೆ. ಅಟ್ಟದಲ್ಲಿ ಮಾಡು ಇಳಿದು ನೆಲವನ್ನು ಸಮೀಪಿಸುವ ಎರಡು ಪಕ್ಕದಲ್ಲೂ ಮೊಣಕಾಲೆತ್ತರದ ಹಲಗೆಯ ಗೋಡೆಯಿತ್ತು. ಅದರ ಹಿಂದೆ ಮುಕ್ಕೋನದ ಕತ್ತಲೆ. ಒಳಗೆ ತೂರಿಸಿದ್ದನ್ನು ಮತ್ತೆ ಕಾಣಬೇಕಾದರೆ ತೆವಳಬೇಕು. ರಸ್ತೆಬದಿಯಲ್ಲಿ ಸಿಕ್ಕಿದ್ದ ಬೀರುವಿನ ಬಾಗಿಲುಗಳಿಗೆ ಗಾಲಿ ಹೊಡೆದು, ಮುಂದೆ ಹಗ್ಗ ಕಟ್ಟಿ, ತಗ್ಗು ಗಾಡಿಗಳನ್ನು ಮಾಡಿದೆ. ಹಲಗೆಯ ಗೋಡೆಯಲ್ಲಿ ಬಾಗಿಲು ಕೊಯ್ದೆ. ಹಗ್ಗ ಎಳೆದರೆ ಸೂಟ್‌ಕೇಸು ತಾನೇ ಹೊರಗೆ ಬರುತ್ತದೆ. ದೂಡಿದರೆ ಕತ್ತಲೆಗೆ ಮರಳುತ್ತದೆ. ಅಟ್ಟದ ಮೂಲೆಯಲ್ಲಿದ್ದ, ಮನೆಗೆ ಬಿಸಿನೀರು ಕಾಯಿಸುವ ಬಾಯ್ಲರಿನ ಸುತ್ತ ರಿಪೇರಿಯವನು ಮಂಡಿಯೂರುವಷ್ಟು ಜಾಗ ಬಿಟ್ಟೆ. ಮುರುಕು ಕುರ್ಚಿ, ಸತ್ತ ದೀಪಗಳು ಬಂದ ದಾರಿಯಲ್ಲೇ ರಸ್ತೆಗೆ ಹೋದವು; ಮರುದಿನ ಗಾಡಿಗಿಂತ ಮುಂಚೆ ಇನ್ನಾರೋ ಒಯ್ದಿದ್ದರು.

ಅಟ್ಟ ಕೋಣೆಯಾಯಿತು. ಗುಡಿಸಿ ಒರೆಸಿ, ಜೋಡಿ ಹಾಸಿಗೆ ಹಾಕಿ, ಪಕ್ಕದಲ್ಲಿ ಸಣ್ಣ ಹಾಸಿಗೆಯೊಂದನ್ನು ಹುಬ್ಬಳ್ಳಿಯವನು ತಾನೇ ಹಾಸಿದ. ಅದರ ಮೇಲಿನ ಸುಕ್ಕನ್ನು ಮತ್ತೆ ಮತ್ತೆ ಬಂದು ತೀಡಿಹೋಗುತ್ತಿದ್ದ.

ಮನೆಯೊಡತಿ ಬಂದದ್ದು ಅವರು ಫ್ರಾನ್ಸಿಗೆ ಹೊರಡಲು ಮೂರೇ ದಿನ ಇದ್ದಾಗ. ಶೆಡ್ ನೋಡಿದರು, ಪೈಪಿನಲ್ಲಿ ನಿಂತ ಕುಂಟೆಯನ್ನು ಎತ್ತಿ ಇಳಿಸಿ ನೋಡಿ ತಲೆದೂಗಿದರು. ಅಟ್ಟ ಹತ್ತಿ ಗಾಡಿಯ ಹಗ್ಗ ಎಳೆದರು. ಸೂಟ್‌ಕೇಸು ಹೊರಬಂದದ್ದಕ್ಕೆ ನಕ್ಕರು. ಹುಬ್ಬಳ್ಳಿಯವನು ಆಫೀಸಿಗೆ ರಜೆ ಹಾಕಿ ಟೈ ಕಟ್ಟಿಕೊಂಡು ನನ್ನ ಹಿಂದೆ ನಿಂತಿದ್ದ. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

ಆಮೇಲೆ ಅವರು ಸಣ್ಣ ಹಾಸಿಗೆಯ ಮುಂದೆ ನಿಂತರು. "ಇದು ಯಾರಿಗೆ?"

"ಮಗುವಿಗೆ. ಮೂರು ವರ್ಷ."

ಅವರು ತಿರುಗಿ ಮೆಟ್ಟಿಲ ಬಾಯಿಗೆ ಬಂದು ಕೆಳಗೆ ನೋಡಿದರು. ಆ ಮೆಟ್ಟಿಲು ಏಣಿಗೆ ದೊಡ್ಡಪ್ಪನ ಮಗ. ಹಲಗೆಯ ನಡುವೆ ಸಂದು, ಕೆಳಗೆ ತಿರುವು. "ಇಲ್ಲ," ಎಂದರು. "ಈ ಮೆಟ್ಟಿಲಲ್ಲಿ ಮಗು ಬೇಡ. ನನ್ನ ಮಗಳು ಇಂಥದರಲ್ಲೇ ಬಿದ್ದು ಕೈ ಮುರಿದುಕೊಂಡಳು."

ಹಾಗಾದರೆ ಹುಡುಗರು ಅಟ್ಟಕ್ಕೆ ಬರಲಿ, ಸಂಸಾರ ನಡುವಿನ ಮಹಡಿಯಲ್ಲಿ ಇರಲಿ ಎಂದೆ. ನಡುವಿನ ಮಹಡಿಗೂ ಇದೇ ಮೆಟ್ಟಿಲು ಎಂದರು. ಮೆಟ್ಟಿಲ ಬಾಯಿಗೆ ಬಾಗಿಲು ಕೂರಿಸುತ್ತೇನೆ ಎಂದೆ. ಬಾಗಿಲು ತೆರೆದಿಟ್ಟುಹೋಗುವ ನಾಲ್ಕು ಜನ ಇಲ್ಲೇ ಇದ್ದಾರಲ್ಲ ಎಂದರು. ಅವರು ಒಂದು ಕೈ ಗೋಡೆಗೆ ಕೊಟ್ಟು, ಹಿಮ್ಮುಖವಾಗಿ, ಒಂದೊಂದೇ ಹಲಗೆ ಇಳಿದುಹೋದರು. ಕೆಳಗೆ ಹಜಾರದಲ್ಲಿ ನನ್ನ ಕೋಣೆಯ ಬೀಗ ಕಂಡು, ಬೆರಳು ತೋರಿಸಿ ಕೇಳಿದರು, "ಇಲ್ಲಿ ಏನಿದೆ?"

"ಅಕ್ಕಿ," ಎಂದೆ.

ಅವರು ಬೀಗವನ್ನು ಇನ್ನೊಮ್ಮೆ ನೋಡಿದರು. ಬಾಗಿಲು ಎಳೆದುಕೊಂಡು ಹೋದರು.

ಹುಬ್ಬಳ್ಳಿಯವನು ಟೈ ಸಡಿಲಿಸಿದ. "ಇರ್ಲಿ ಬಿಡ್ರಿ ಸರ. ನೀವು ಭಾಳ ಮಾಡೀರಿ." ಹಾಲಿನಲ್ಲಿ ಕೂತ. ಅಷ್ಟು ದಿನದಲ್ಲಿ ಅವನು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು, ಮತ್ತು ನಡೆದಾಡುತ್ತಿದ್ದದ್ದೇ ಮೇಲು ಅನ್ನಿಸಿತು.

ನಾನು ಹಿತ್ತಲಿಗೆ ಹೋದೆ. ತುಂತುರು ಬೀಳುತ್ತಿತ್ತು. ಶೆಡ್ಡಿನಿಂದ ಅಡುಗೆಮನೆಯ ಬಾಗಿಲಿಗೆ, ಬಾಗಿಲಿನಿಂದ ಶೆಡ್ಡಿಗೆ ನಡೆದೆ. ತಿರುಗುವಾಗೊಮ್ಮೆ ಆ ಕಿಟಕಿ ಎದುರಿಗೆ ಬರುತ್ತಿತ್ತು: ನನ್ನ ಕೋಣೆಯ ಕಿಟಕಿ. ಗಾಜಿಗೆ ಒತ್ತಿಕೊಂಡು ಅಕ್ಕಿ ಮೂಟೆಗಳು. ನೆಲಮಟ್ಟ, ಮೆಟ್ಟಿಲಿಲ್ಲ, ಪಕ್ಕದಲ್ಲೇ ಶೌಚಾಲಯ, ಬಾಗಿಲಿದೆ, ಬೆಳಕಿದೆ. ಅಟ್ಟದ ಪ್ರತಿ ಅಂಗುಲವನ್ನೂ ತಪಾಸಣೆ ಮಾಡಿದ್ದೆ, ಶೆಡ್ಡಿನ ಮೂಲೆಗಳನ್ನು ತಟ್ಟಿ ನೋಡಿದ್ದೆ. ಈ ಕೋಣೆ ನನ್ನ ತಪಾಸಣೆಗೆ ಒಳಪಟ್ಟಿರಲೇ ಇಲ್ಲ. ಸ್ಟೋರ್ಸನ್ನು ಸ್ಟೋರ್ಸ್ ಆಫೀಸರ್ ಪರೀಕ್ಷೆ ಮಾಡುವ ಪದ್ಧತಿ ಎಲ್ಲಿಯೂ ಇಲ್ಲ.

ಅಷ್ಟು ಸಲೀಸಾಗಿ ಬಿಟ್ಟುಕೊಟ್ಟೆ ಎಂದು ಹೇಳಲಾರೆ. ಬೀಗವಿಲ್ಲದ ಉಗ್ರಾಣ ಎಂದರೆ ನನಗೆ ಗಡಿಯಾರವಿಲ್ಲದ ರೈಲ್ವೆ ಸ್ಟೇಷನ್ನು. ಯಾರು ಎಷ್ಟು ತೆಗೆದರು ಎಂಬುದು ತಿಳಿಯದು, ಎಣ್ಣೆ ಮುಗಿದದ್ದು ಮುಗಿದ ಮೇಲೆಯೇ ತಿಳಿಯುವುದು. ಮೂರು ಸಲ ಶೆಡ್ಡಿಗೆ ಹೋಗಿ ಬಂದೆ, ಬೇರೆ ಉಪಾಯ ಹೊಳೆದೀತೆಂದು. ಹೊಳೆಯಲಿಲ್ಲ. ಜನಿವಾರದಿಂದ ಕೀಲಿ ಬಿಚ್ಚಿ ಹುಬ್ಬಳ್ಳಿಯವನ ಕೈಗೆ ಕೊಟ್ಟೆ.

"ಏನ್ರೀ ಇದು?"

"ಏಳು. ಅಕ್ಕಿ ಮೂಟೆಗೆ ಕೈ ಹಾಕು."

ಅವನು ಕೀಲಿಯನ್ನೂ ನನ್ನನ್ನೂ ನೋಡಿದ. "ಮತ್ತ ನೀವೆಲ್ಲಿ ಮಲಗ್ತೀರಿ?"

"ಅಷ್ಟು ಚಂದ ಅಟ್ಟ ಮಾಡಿಟ್ಟಿದೀನಿ. ಖಾಲಿ ಬಿಡಕ್ಕಾಗತ್ತಾ?"

ಉಳಿದ ಎರಡು ದಿನ ಓಡಾಡಿದಷ್ಟು ಕಾರ್ಖಾನೆಯ ಕಾಲದಲ್ಲೂ ನಾನು ಓಡಾಡಿರಲಿಲ್ಲ. ಅಕ್ಕಿಗೆ ಮೆಟ್ಟಿಲ ಕೆಳಗಿನ ಗೂಡು ಸಿಕ್ಕಿತು; ಮುಚ್ಚಳವಿರುವ ದೊಡ್ಡ ಡ್ರಮ್ಮಿಗೆ ಗಾಲಿ ಹಾಕಿ ಒಳಗೆ ದೂಡಿದೆ. ಅದರ ಪಕ್ಕದಲ್ಲೇ ಗ್ಯಾಸು, ಕರೆಂಟಿನ ಮೀಟರುಗಳ ಕಿರುಬೀರು. ಅಲ್ಲಿ ಏನನ್ನೂ ಇಡಬಾರದೆಂಬುದು ಇಲ್ಲಿಯ ನಿಯಮ, ಆದ್ದರಿಂದ ಆ ಕಡೆ ಒಂದು ಹಲಗೆಯ ಅಡ್ಡ ಹೊಡೆದೆ. ಬೇಳೆಕಾಳುಗಳು ಅಡುಗೆಮನೆಯ ತೆರೆದ ಶೆಲ್ಫಿಗೆ. ಮಸಾಲೆಗೆ ಜಾಮ್ ಬಾಟಲಿಗಳ ಮುಚ್ಚಳಗಳನ್ನು ಶೆಲ್ಫಿನ ತಳಕ್ಕೆ ಸ್ಕ್ರೂ ಮಾಡಿದೆ; ಬಾಟಲಿಯನ್ನು ಕೆಳಗಿನಿಂದ ತಿರುಗಿಸಿ ಸಿಕ್ಕಿಸಬೇಕು, ತಿರುಗಿಸಿ ತೆಗೆಯಬೇಕು. ಮೈಸೂರಿನವನು ಅವಸರದಲ್ಲಿ ಅರ್ಧ ತಿರುಗಿಸಿ ಬಿಟ್ಟು ಸಾರಿನ ಪುಡಿಯನ್ನು ತಲೆಯ ಮೇಲೆ ಸುರಿದುಕೊಂಡ.

"ಸಾರ್, ಇಂಡೆಂಟ್ ಚೀಟಿ ಬರೀದೆ ತಗೊಂಡ್ರೆ ಹಿಂಗೇ ಆ‌ಗೋದಾ?"

"ಹಿಂಗೇ. ಅದಕ್ಕೇ ಬೀಗ ಹಾಕ್ತಿದ್ದಿದ್ದು."

ಸೋಪು, ಬಲ್ಬು, ಮೊಳೆಗಳು ನನ್ನ ಜೊತೆ ಅಟ್ಟಕ್ಕೆ ಬಂದವು, ಅಷ್ಟನ್ನಾದರೂ ಇಟ್ಟುಕೊಂಡೆ. ಕೋಣೆಯ ಗೋಡೆಗೆ ಅಂಟಿದ್ದ ಎಣ್ಣೆಯ ಜಿಡ್ಡನ್ನು ಹುಬ್ಬಳ್ಳಿಯವನು ಬಿಸಿನೀರಿನಿಂದ ಉಜ್ಜಿ ಉಜ್ಜಿ ತೆಗೆದ. ಕಪಾಟನ್ನು ಮಗು ಎಳೆದರೂ ಬೀಳದಂತೆ ಗೋಡೆಗೆ ಬಿಗಿದೆ. ಹಿತ್ತಲಿನಿಂದ ರಸ್ತೆಗೆ ಹೋಗುವ ಗೇಟಿಗೆ ಮೇಲೊಂದು ಚಿಲಕ ಹಾಕಿದೆ. ಸಣ್ಣ ಹಾಸಿಗೆ ಕೆಳಗಿಳಿದು ಬಂತು.

ಹೊರಡುವ ಹಿಂದಿನ ಸಂಜೆ ಮನೆಯೊಡತಿಯನ್ನು ಕರೆಯಲು ನಾನೇ ಹೋದೆ. ಅವರ ಪೆಟ್ಟಿಗೆಗಳು ಬಾಗಿಲಲ್ಲಿ ತಯಾರಾಗಿದ್ದವು. ಬಂದು ಕೋಣೆಯ ನಡುವೆ ನಿಂತು ಕಿಟಕಿ ತೆರೆದರು, ಮುಚ್ಚಿದರು, ಕಪಾಟನ್ನು ಹಿಡಿದು ಜಗ್ಗಿದರು.

"ಅಕ್ಕಿ ಎಲ್ಲಿ?"

ಮೆಟ್ಟಿಲ ಗೂಡಿನಿಂದ ಡ್ರಮ್ಮನ್ನು ಎಳೆದು ತೋರಿಸಿದೆ. ಅವರು ಮುಚ್ಚಳ ಎತ್ತಿ ನೋಡಿ, ಮತ್ತೆ ಮುಚ್ಚಿದರು. "ನೀವು?"

ಮೇಲೆ ಬೆರಳು ತೋರಿಸಿದೆ.

"ಮೆಟ್ಟಿಲು ಹುಷಾರು," ಎಂದರು. ಹುಬ್ಬಳ್ಳಿಯವನು ಚಾಚಿದ ಪೆನ್ನು ಬರೆಯಲಿಲ್ಲ. ಅವನು ಅದನ್ನು ಕೊಡವುತ್ತಿದ್ದಂತೆ ಅವರು ತಮ್ಮದೇ ಪೆನ್ನು ತೆಗೆದು, ಅಡುಗೆಮನೆಯ ಕಟ್ಟೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ತಾಯಿ ಮಗಳು ಜುಲೈನಲ್ಲಿ ಬಂದರು. ಮುಂದಿನ ವರ್ಷ ಕಾಪೆಲ್ಲೆಯಲ್ಲಿ ಬೇರೆ ಮನೆ ಸಿಗುವ ತನಕ ಮೂವರೂ ಕೆಳಗಿನ ಕೋಣೆಯಲ್ಲೇ ಇದ್ದರು.